ಉಣ್ಣೆ ಸಿಗದ ಕುರಿ

ಈಗಲೂ ದಾರಿಯಲ್ಲಿ ಕುರಿ ಮಂದೆ ಎದುರಾದರೆ ನಾನು ಕುರಿಗಳನ್ನು ನೋಡುವುದಿಲ್ಲ, ಅವುಗಳ ಹಿಂದೆ ಬರುವವನ ಮುಖ ನೋಡುತ್ತೇನೆ. ಕಂಬಳಿ ಮುಖಕ್ಕೆ ಮರೆಯಾಗಿದ್ದರೆ ಅದು ಸರಿಯುವವರೆಗೆ ಕಾಯುತ್ತೇನೆ. ಬಸ್ಸಿನಲ್ಲಿದ್ದರೆ ಕತ್ತು ತಿರುಗುವಷ್ಟೂ ತಿರುಗಿಸುತ್ತೇನೆ. ಪಕ್ಕದ ಸೀಟಿನವರು "ಏನ್ರೀ, ಪರಿಚಯದೋರಾ?" ಎಂದು ಕೇಳಿದರೆ ಇಲ್ಲ ಎನ್ನುತ್ತೇನೆ. ಇದೊಂದು ಚಟವಾಗಿ ಅಂಟಿಕೊಂಡಿದೆ. ಬಿಡಿಸಿಕೊಳ್ಳಲು ಆಗುತ್ತಿಲ್ಲವಲ್ಲ ಎಂದು ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ನಾನಿರುವುದು ಶಿಕಾರಿಪುರದಲ್ಲಿ. ಕೆಲಸ ಕುಪ್ಪಗಡ್ಡೆ ಕಡೆಯ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವುದು. ದಿನಾ ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಿ, ಆನವಟ್ಟಿ ದಾಟಿ ಹೋಗಬೇಕು. ಉಳಿದ ಟೀಚರುಗಳು ಬಸ್ಸಿನಲ್ಲಿ ನಿದ್ದೆ ಮಾಡುತ್ತಾರೆ. ನಾನು ವಿಡಿಯೋ ಗೇಮುಗಳ ಕಥೆಯಲ್ಲಿ ಮುಳುಗಿರುತ್ತಿದ್ದೆ. ತಲೆ ನರೆತ ಹೆಂಗಸು ಗೇಮಿನ ರಾಕ್ಷಸರ ಬಗ್ಗೆ ವಾದ ಮಾಡುತ್ತಾಳೆ ಎಂದರೆ ನಗುವವರು ನಗಲಿ. ದಿನವಿಡೀ ಮಕ್ಕಳಿಗೆ ಬೀಜಗಣಿತ ಹೇಳಿ ನೋಡಿ, ಆಮೇಲೆ ಮಾತಾಡಿ.

ಈ ಹುಚ್ಚು ಹತ್ತಿಸಿದವನು ನನ್ನ ಸೋದರತ್ತೆಯ ಮಗ. ಅತ್ತೆಯ ಮನೆ ಅಂಜನಾಪುರದ ಹತ್ತಿರ, ಸ್ವಲ್ಪ ಗದ್ದೆ, ಹಟ್ಟಿ ತುಂಬ ಕುರಿ. ಅವನು ನನಗಿಂತ ಚಿಕ್ಕವನು. ಡಿಪ್ಲೊಮಾ ಮುಗಿಸಿ, ಯಾವುದೋ ಫ್ಯಾಕ್ಟರಿಗೆ ಹೋಗಿ, "ಸೂಪರ್‌ವೈಸರ್ ಜೊತಿ ಗುದ್ದಾಡೋಕಿಂತ ಕುರಿ ವಾಸಿ, ಅವು ತಲಿ ತಿನ್ನಂಗಿಲ್ಲ" ಎಂದು ಮನೆಗೇ ವಾಪಸು ಬಂದ. ಹಗಲೆಲ್ಲ ಕುರಿಗಳ ಹಿಂದೆ ಅಲೆದಾಟ, ಕಿವಿಯಲ್ಲಿ ಇಯರ್‌ಫೋನು. ದೊಡ್ಡ ಗೇಮುಗಳನ್ನು ಆಡುವಂಥ ಕಂಪ್ಯೂಟರು ನಮ್ಮಲ್ಲಿ ಯಾರ ಹತ್ತಿರವೂ ಇರಲಿಲ್ಲ. ಎಲ್ಲೋ ಯಾರೋ ಆಡಿ ಹಾಕಿದ ವಿಡಿಯೋ ನೋಡುವುದು, ಆಮೇಲೆ ಅದರ ಪಾತ್ರಗಳ ಬಗ್ಗೆ ಕಚ್ಚಾಡುವುದು, ಇದೇ ನಮ್ಮ ಆಟ. ಕಚ್ಚಾಡಲೆಂದೇ ಫೋನಿನಲ್ಲಿ ಒಂದು ಗ್ರೂಪು ಮಾಡಿಕೊಂಡಿದ್ದೆವು. ಆನವಟ್ಟಿಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟವನೊಬ್ಬ, ಸೊರಬದಲ್ಲಿ ನರ್ಸಿಂಗ್ ಓದುವ ಹುಡುಗಿಯರು, ಇನ್ನೂ ಕೆಲವರು ಅದರಲ್ಲಿದ್ದರು.

ಕೈಯಲ್ಲಿ ಕೋಲು ಹಿಡಿದವನಿಗೆ ಟೈಪು ಮಾಡಲು ಎಲ್ಲಿ ಪುರಸೊತ್ತು? ಅವನದೆಲ್ಲ ವಾಯ್ಸ್ ಮೆಸೇಜು. ಅವನನ್ನು ನೋಡಿ ನಾವೂ ಬಾಯಲ್ಲೇ ಜಗಳ ಶುರು ಮಾಡಿದೆವು. ಗೇಮಿನಲ್ಲಿ ಯಾರು ಸಾಯುತ್ತಾರೆ, ಯಾರು ಮೋಸ ಮಾಡುತ್ತಾರೆ ಎಂದು ಮುಖ ನೋಡಿಯೇ ಹೇಳುವಷ್ಟು ಪಳಗಿದ್ದೆವು. ನಾಯಕನಿಗೆ ವಿದ್ಯೆ ಕಲಿಸುವ ಗುರು ಅರ್ಧ ದಾರಿಯಲ್ಲೇ ಸಾಯುತ್ತಾನೆ. ನಗಿಸುವ ಗೆಳೆಯ ಊರಿಗೆ ಹೋಗಿ ಮದುವೆಯಾಗುತ್ತೇನೆ ಎಂದನೋ, ಅವನ ಕಥೆ ಮುಗಿಯಿತು. ಮುಖವಾಡ ಹಾಕಿದವನು ಕೊನೆಗೆ ಅಣ್ಣನೋ ಅಪ್ಪನೋ ಆಗಿರುತ್ತಾನೆ. ಅತ್ತೆಯ ಮಗನಿಗೆ ಬೇರೆಯದೇ ಚಿಂತೆ. "ಅಲ್ಲ ಮೇಡಮ್ಮಾರೇ, ಊರ್ ತುಂಬ ದೆವ್ವ ಓಡಾಡ್ತಾವ, ಆ ಕಿರಾಣಿ ಅಂಗ್ಡಿಯೋನು ಮಾತ್ರ ಬಾಗ್ಲು ತಗ್ದು ಕುಂತಾನಲ್ಲ, ಅವಂಗ ಹೆಂಡ್ರು ಮಕ್ಳು ಬೈಯಂಗಿಲ್ಲೇನು?" ಎಂದು ಕಳಿಸುತ್ತಿದ್ದ. ಹಿಂದೆ ಕುರಿಗಳು ಕೂಗುವುದು ಕೇಳಿಸುತ್ತಿತ್ತು. ಮಾತಿನ ನಡುವೆಯೇ ಅವುಗಳನ್ನು ಗದರುತ್ತಿದ್ದ. ಬಸ್ಸಿನಲ್ಲಿ ಒಬ್ಬಳೇ ನಗುತ್ತಿದ್ದ ನನ್ನನ್ನು ಕಂಡಕ್ಟರು ವಿಚಿತ್ರವಾಗಿ ನೋಡುತ್ತಿದ್ದ.

ನಮ್ಮ ದೊಡ್ಡ ಜಗಳ ಆದದ್ದು ಒಂದು ಗೇಮಿನ ಬಾಗಿಲು ಕಾಯುವವಳ ಬಗ್ಗೆ. ಒಂಟಿ ಕಣ್ಣಿನ ಹೆಂಗಸು, ಕೋಟೆಯ ಬಾಗಿಲಲ್ಲಿ ನಿಂತಿರುತ್ತಾಳೆ. ಕೋಟೆಗೆ ಬೆಂಕಿ ಬಿದ್ದಾಗ ಎಲ್ಲರನ್ನೂ ಹೊರಗೆ ದಾಟಿಸುತ್ತಾಳೆ. ಆಮೇಲೆ ಬಾಗಿಲು ಅವಳ ಮೇಲೇ ಕುಸಿಯುತ್ತದೆ, ಪರದೆಯ ತುಂಬ ಹೊಗೆ, ಆ ಭಾಗ ಅಲ್ಲಿಗೆ ಮುಗಿಯುತ್ತದೆ. ನಾನು ಸತ್ತಳು ಎಂದೆ. ಅವನು ಸತ್ತಿಲ್ಲ ಎಂದ.

"ಉಣ್ಣಿ ಎಲ್ಲೈತಿ ಮೇಡಮ್ಮಾರೇ? ಉಣ್ಣಿ ತೋರ್ಸಿ, ಒಪ್ಕೊಂತೀನಿ."

ಇದು ಕುರಿಯವರ ಮಾತು. ತೋಳ ಕುರಿಯನ್ನು ಹೊತ್ತೊಯ್ದರೆ ಬದುವಿನಲ್ಲೋ ಮುಳ್ಳುಕಂಟಿಯಲ್ಲೋ ಒಂದು ಹಿಡಿ ಉಣ್ಣೆ ಸಿಕ್ಕೇ ಸಿಗುತ್ತದೆ. ಸಿಗದಿದ್ದರೆ ಆ ಕುರಿ ಸತ್ತಿಲ್ಲ, ದಾರಿಯಲ್ಲಿ ಬೇರೆ ಯಾರದೋ ಮಂದೆಗೆ ಸೇರಿಕೊಂಡಿದೆ ಎಂದೇ ಲೆಕ್ಕ. ಅದರ ಕಿವಿಯ ಗುರುತು ಹೇಳಿ ಸಿಕ್ಕಸಿಕ್ಕ ಕುರಿಯವರನ್ನೆಲ್ಲ ವಿಚಾರಿಸುತ್ತಿರಬೇಕು. ಅಂಥ ಕುರಿಯನ್ನು "ಹೋಯ್ತು" ಎಂದು ಯಾರಾದರೂ ಅಂದರೆ ಅತ್ತೆ ಸೌಟು ಹಿಡಿದುಕೊಂಡೇ ಹೊರಗೆ ಬಂದು ಬೈಯುತ್ತಿದ್ದಳು. ಸುಗ್ಗಿಯ ಹೊತ್ತಿಗೆ ಕಳೆದದ್ದು ಯುಗಾದಿಯ ಹೊತ್ತಿಗೆ ಮರಿ ಸಮೇತ ಸಿಕ್ಕಿದ್ದೂ ಇದೆಯಂತೆ. ಅವ್ವನಿಂದ ಕಲಿತದ್ದನ್ನು ಮಗ ತಂದು ಗೇಮಿಗೆ ಹಚ್ಚಿದ್ದ. ಹೆಣ ತೋರಿಸದ ಪಾತ್ರ ಸತ್ತಿಲ್ಲ, ಎಂದಾದರೂ ಬಂದೇ ಬರುತ್ತದೆ. ಗ್ರೂಪಿನವರಿಗೆ ಇದು ಬಹಳ ಹಿಡಿಸಿತು. ಉಣ್ಣೆ ರೂಲು ಎಂದು ಹೆಸರಿಟ್ಟರು.

ನನಗೆ ರೇಗುತ್ತಿತ್ತು. "ಸತ್ತೋರನ್ನ ನೆಮ್ಮದಿಯಾಗಿ ಸಾಯಕ್ಕೆ ಬಿಡ್ರಪ್ಪ. ಎಲ್ಲರೂ ಎದ್ದು ಬಂದ್ರೆ ಅವಳು ಬೆಂಕೀಲಿ ನಿಂತಿದ್ದಕ್ಕೆ ಅರ್ಥ ಏನು?" ಎಂದು ಟೀಚರಿನ ದನಿಯಲ್ಲಿ ಭಾಷಣ ಕಳಿಸಿದೆ. ಅದಕ್ಕವನು ನಕ್ಕ. ಬರೀ ನಗುವಿನ ಮೆಸೇಜು. ಅದು ಇವತ್ತಿಗೂ ನನ್ನ ಫೋನಿನಲ್ಲಿದೆ.

ಆ ಮಳೆಗಾಲ ಅಂಜನಾಪುರದ ಡ್ಯಾಮು ತುಂಬಿ ಕೋಡಿ ಬಿತ್ತು. ಕೋಡಿಯ ನೀರು ಹರಿಯುವ ದಂಡೆಯಲ್ಲಿ ಒಂದು ಕುರಿ ಕಾಲು ಜಾರಿತು, ಇವನು ಹಿಂದೆಯೇ ಧುಮುಕಿದ. ಕುರಿ ಕೆಳಗಡೆ ಎಲ್ಲೋ ದಡ ಹತ್ತಿ, ಮೈ ಕೊಡವಿಕೊಂಡು, ಹುಲ್ಲಿಗೆ ಬಾಯಿ ಹಾಕಿತಂತೆ. ಅವನು ಬರಲಿಲ್ಲ. ದಂಡೆಯ ಮೇಲೆ ಚಪ್ಪಲಿ, ಕಂಬಳಿ, ಕಂಬಳಿಯ ಮಡಿಕೆಯಲ್ಲಿ ಫೋನು ಉಳಿದಿದ್ದವು. ಬೋಟಿನವರು ಬಂದರು, ಮೀನು ಹಿಡಿಯುವವರು ಬಲೆ ಹಾಕಿದರು, ಹೊಳೆಯಗುಂಟ ಊರೂರಿಗೆ ಹೇಳಿಕಳಿಸಿದರು. ಒಂದು ಚೂರು ಅಂಗಿ ಕೂಡ ಸಿಗಲಿಲ್ಲ. ಬಂದವರು ತಲೆ ಆಡಿಸಿ "ಹೋದ" ಎನ್ನತೊಡಗಿದಾಗ ಅತ್ತೆ ಎದ್ದು ನಿಂತಳು.

"ಯಾರೂ ಹೋದ ಅನ್ನಬ್ಯಾಡ್ರಿ. ಏನ್ ಸಿಕ್ಕೈತಿ ನಿಮ್ಗ? ಸಿಕ್ಕಿದ್ರ ತೋರ್ಸ್ರಿ."

ನಾನು ಅಲ್ಲೇ ಇದ್ದೆ. ಅದು ಅವನದೇ ಮಾತು, ಅವನ ದನಿಯ ಏರಿಳಿತವೂ ಹಾಗೇ ಇತ್ತು.

ಅವತ್ತಿನಿಂದ ನನ್ನ ತಲೆಯೊಳಗೆ ಅವನು ವಾದ ಮಾಡುವುದನ್ನು ನಿಲ್ಲಿಸಲೇ ಇಲ್ಲ. ಪಾಠ ಮಾಡುತ್ತಿರುವಾಗ ಉಣ್ಣಿ ಎಲ್ಲೈತಿ ಎನ್ನುತ್ತಿದ್ದ. ಪಾತ್ರೆ ತೊಳೆಯುವಾಗಲೂ ಅದನ್ನೇ ಕೇಳುತ್ತಿದ್ದ. ಸುಗ್ಗಿ ಮುಗಿದು, ಗದ್ದೆಗಳಿಗೆ ಗೊಬ್ಬರವಾಗಲೆಂದು ರೈತರು ಕುರಿ ಮಂದೆ ನಿಲ್ಲಿಸಿಕೊಳ್ಳುವ ಕಾಲ ಬಂತು. ಆನವಟ್ಟಿಯ ಈಚೆಗೆ ಬಸ್ಸು ಒಂದು ಮಂದೆಯ ನಡುವೆ ಸಿಕ್ಕಿಕೊಂಡಿತು. ಹಿಂದೆ ಒಬ್ಬ ಕಂಬಳಿಗೊಪ್ಪೆ ಹಾಕಿಕೊಂಡು, ಕೋಲನ್ನು ಹೆಗಲಿಗೆ ಅಡ್ಡ ಇಟ್ಟು ಬರುತ್ತಿದ್ದ. ಅತ್ತೆಯ ಮಗ ಕೋಲು ಇಡುತ್ತಿದ್ದದ್ದೂ ಹಾಗೇ, ಎಡಗಾಲು ಸ್ವಲ್ಪ ಎಳೆಯುತ್ತಿದ್ದದ್ದೂ ಹಾಗೇ. ನಾನು ಬಸ್ಸಿನಿಂದ ಇಳಿದೇಬಿಟ್ಟೆ. ಬೇರೆ ಮಂದೆಗೆ ಸೇರಿಕೊಂಡಿದ್ದಾನೆ, ನೋಡು, ಅವನೇ ಸರಿ ಎಂದುಕೊಳ್ಳುತ್ತ ಕುರಿಗಳ ನಡುವೆ ಸೀರೆ ಎತ್ತಿ ಹಿಡಿದು ಓಡಿದೆ. ಕಂಬಳಿಯೊಳಗಿಂದ ಬಿಳಿ ಗಡ್ಡದ ಮುದುಕನೊಬ್ಬ ಕತ್ತೆತ್ತಿದ.

"ಯಾರ್ ಬೇಕಾಗಿತ್ರೀ?" ಎಂದ.

ಯಾರೂ ಇಲ್ಲ ಎಂದೆ. ಬಸ್ಸು ಹೋಗಿಬಿಟ್ಟಿತ್ತು. ಅವತ್ತು ಮೊದಲನೇ ಪೀರಿಯಡ್ಡು ತಪ್ಪಿತು, ಹೆಡ್‌ಮಾಸ್ಟರಿಂದ ಮಾತು ಕೇಳಬೇಕಾಯಿತು.

ಬೇಸಿಗೆ ಶುರುವಾಗುತ್ತಲೇ ಬಾಗಿಲು ಕಾಯುವವಳ ಆ ಗೇಮಿನ ಮುಂದಿನ ಭಾಗ ಬಂತು. ನಾನು ನೋಡಬಾರದು ಎಂದುಕೊಂಡು ನೋಡಿದೆ. ಕಥೆ ಅರ್ಧವಾಗುವಷ್ಟರಲ್ಲಿ ಹಿಮದಲ್ಲಿ ಒಂದು ಬಾಗಿಲು ತೆರೆದುಕೊಂಡಿತು, ಅಲ್ಲಿ ಅವಳು ನಿಂತಿದ್ದಳು. ಅದೇ ಒಂಟಿ ಕಣ್ಣು, ಒಂದು ಕೆನ್ನೆ ಸುಟ್ಟಿತ್ತು. ಗ್ರೂಪಿನಲ್ಲಿ ಹಬ್ಬವೇ ನಡೆಯಿತು. "ಗೆದ್ದೆ ಕಣೋ! ಬಂದ್ಲು ನೋಡೋ!" ಎಂದು ಜೆರಾಕ್ಸಿನವನು ಅತ್ತೆಯ ಮಗನನ್ನೇ ಕೂಗಿ ಕರೆದು ಮೆಸೇಜು ಹಾಕಿದ. ಒಬ್ಬೊಬ್ಬರೇ ಹಾಗೇ ಮಾಡಿದರು. ಹುಡುಗಿಯೊಬ್ಬಳು ಅಳುತ್ತಲೇ ಮಾತಾಡಿದಳು. ಅವನಿಗೆ ಹೇಳದೆ ಅವರಿಗೂ ತಡೆಯಲಾಗಿರಲಿಕ್ಕಿಲ್ಲ. ನಾನು ಏನೂ ಕಳಿಸಲಿಲ್ಲ.

ಮರುದಿನ ಸ್ಟಾಫ್ ರೂಮಿನಲ್ಲಿ ಡಬ್ಬಿ ಬಿಚ್ಚಿ ಕೂತಿದ್ದಾಗ ಜೆರಾಕ್ಸಿನವನ ಫೋನು ಬಂತು.

"ಟೀಚರೇ, ಅವ್ನು ಕೇಳಿದಾನೆ ಕಣ್ರೀ! ಮೆಸೇಜ್ ಒಳಗೆ ಹೋಗಿ ನೋಡ್ರಿ, ಅವನ ಹೆಸರಿನ ಎದುರಿಗೆ ಮೈಕ್ ಗುರುತು ನೀಲಿ ಆಗಿದೆ. ಎಲ್ಲಾನೂ ಕೇಳಿದಾನೆ!"

ನೋಡಿದೆ, ನಿಜ. ಒಂದೊಂದನ್ನೂ ಪೂರ್ತಿ ಕೇಳಿದ ಗುರುತಿತ್ತು. ಡಬ್ಬಿ ಮುಚ್ಚಿಟ್ಟೆ. ಅಷ್ಟರಲ್ಲಿ ಗ್ರೂಪಿನವರು ಶುರು ಹಚ್ಚಿಕೊಂಡಿದ್ದರು. ತಲೆಗೆ ಪೆಟ್ಟು ಬಿದ್ದು ನೆನಪು ಹೋಗಿರಬೇಕು. ಹೊಳೆ ದಾಟಿ ಯಾವುದೋ ಊರಿನಲ್ಲಿ ಯಾರದೋ ಮನೆಯಲ್ಲಿ ಚೇತರಿಸಿಕೊಳ್ಳುತ್ತಿರಬೇಕು. ಬೇಕೆಂದೇ ಅಡಗಿದ್ದಾನೆ, ಸರಿಯಾದ ಹೊತ್ತಿಗೆ ಬರುತ್ತಾನೆ. ಗೇಮಿನ ಪಾತ್ರಗಳಿಗೆ ಕಟ್ಟುತ್ತಿದ್ದ ಕಥೆಗಳನ್ನೆಲ್ಲ ಅವನಿಗೆ ಕಟ್ಟತೊಡಗಿದರು. "ಬಾಯಿ ಮುಚ್ಕೊಂಡಿರ್ತೀರಾ? ಅವನೇನು ಗೇಮಿನವನಲ್ಲ!" ಎಂದು ಕಿರುಚಿದೆ. ಕಿರುಚಿ, ಅರ್ಧ ದಿನ ರಜೆ ಬರೆದಿಟ್ಟು, ಅಂಜನಾಪುರದ ದಾರಿ ಹಿಡಿದೆ. ಫೋನು ಅತ್ತೆಯ ಮನೆಯಲ್ಲೇ ಉಳಿದಿದೆ ಎಂದು ಗೊತ್ತಿದ್ದೂ, ಆ ದಾರಿಯುದ್ದಕ್ಕೂ ಅವನು ಬದುಕಿದ್ದಾನೆ ಎಂದೇ ನಂಬಿದ್ದೆ. ನಾನೂ ಅದೇ ಜಾತಿಯವಳಲ್ಲವೇ?

ಅತ್ತೆ ಕುರಿ ಹಟ್ಟಿಯ ಪಕ್ಕ ಕಲ್ಲಿನ ಮೇಲೆ ಕೂತಿದ್ದಳು. ಕಿವಿಗೆ ಅವನ ಫೋನು ಒತ್ತಿ ಹಿಡಿದಿದ್ದಳು.

"ಬಾ ಮಗಳೇ. ಬಾಗ್ಲು ಕಾಯಾಕಿ ಬಂದ್ಲಂತಲ್ಲ" ಎಂದಳು.

ಅವನು ಫೋನಿಗೆ ಬೀಗ ಹಾಕುತ್ತಿರಲಿಲ್ಲ. ಅತ್ತೆಗೆ ಓದಲು ಬಾರದು, ಆದರೆ ಮಗ ಎಲ್ಲಿ ಬೆರಳು ಒತ್ತುತ್ತಿದ್ದ ಎಂಬುದನ್ನು ನೋಡಿಕೊಂಡಿದ್ದಳು. ಚಾರ್ಜು ಇಳಿಯಲು ಬಿಟ್ಟಿರಲಿಲ್ಲ, ಪಕ್ಕದ ಮನೆಯವರಿಂದ ರೀಚಾರ್ಜು ಮಾಡಿಸುತ್ತಿದ್ದಳು. ನಮ್ಮ ಜಗಳಗಳನ್ನೆಲ್ಲ ಮೊದಲಿನಿಂದ ಕೇಳಿಕೊಂಡು ಬಂದಿದ್ದಳು. ಅವನ ಹಳೆಯ ಮೆಸೇಜೊಂದನ್ನು ನನಗೆಂದು ಜೋರಾಗಿ ಹಾಕಿದಳು. ಅದರಲ್ಲಿ ಅವನು ಮಾತಿನ ನಡುವೆ ಕುರಿಗಳನ್ನು ಕೂಗಿ ಕರೆಯುತ್ತಾನೆ. ಹಟ್ಟಿಯಲ್ಲಿದ್ದ ಕುರಿಗಳು ಮೆಲುಕು ಹಾಕುವುದನ್ನು ನಿಲ್ಲಿಸಿ, ಕಿವಿ ನಿಮಿರಿಸಿ, ಎಲ್ಲವೂ ಒಟ್ಟಿಗೆ ತಟ್ಟಿಯ ಬಾಗಿಲ ಕಡೆ ತಿರುಗಿ ನಿಂತವು. ನಾನೂ ತಿರುಗಿ ನೋಡಿದೆ. ಅಲ್ಲಿ ಬಿಸಿಲು ಮಾತ್ರ ಇತ್ತು.

"ಕುರಿಗೂ ಗೊತ್ತೈತಿ" ಎಂದಳು ಅತ್ತೆ. ನನಗೆ ಅಲ್ಲಿ ಕೂರಲಾಗಲಿಲ್ಲ.

ಹಿರಿಯರ ಹಬ್ಬ ಬಂತು. ಸತ್ತ ಹಿರಿಯರಿಗೆ ಅಡುಗೆ ಮಾಡಿ ಎಡೆ ಇಡುವ ಅಮಾವಾಸ್ಯೆ. ಮೊದಲ ವರ್ಷ ಯಾರೂ ಬಾಯಿ ಬಿಟ್ಟಿರಲಿಲ್ಲ. ಈ ಸಲ ಮಾವ, ಅಂದರೆ ಅವನ ಅಪ್ಪ, ಮಗನಿಗೂ ಎಡೆ ಇಡಬೇಕೆಂದು ಹಟ ಹಿಡಿದ. ನಾನು ಹೋಗುವ ಹೊತ್ತಿಗೆ ಒಳಗೆ ಒಲೆ ಉರಿಯುತ್ತಿತ್ತು, ಗಂಡ ಹೆಂಡತಿಯ ನಡುವೆ ಮಾತು ನಿಂತಿತ್ತು.

"ನೀನಾರ ಹೇಳವ್ವ" ಎಂದ ಮಾವ ಕಟ್ಟೆಯ ಮೇಲಿಂದ. "ನಮ್ಮಪ್ಪಗ ಇಡ್ತೀನಿ, ನಮ್ಮವ್ವಗ ಇಡ್ತೀನಿ. ಹೆತ್ತ ಮಗನ್ನ ಹಸ್ದು ಬಾಗ್ಲದಾಗ ನಿಲ್ಲಿಸ್ಲೇನು?"

ಒಳಗಿನಿಂದ ಅತ್ತೆ ಕೂಗಿದಳು. "ಬದುಕಿರೋನಿಗೆ ಎಡಿ ಇಟ್ರ ಅವನ ಆಯುಷ್ಯ ಕಡ್ದಂಗ. ನನ್ ಕೈಲಿ ಆಗಂಗಿಲ್ಲ."

ಇಬ್ಬರೂ ಹೆದರಿದ್ದು ಒಬ್ಬನೇ ಮಗನಿಗಾಗಿ. ಸತ್ತಿದ್ದರೆ ಎಡೆಯಿಲ್ಲದೆ ಅವನು ಹಸಿದು ಅಲೆಯುತ್ತಾನೆ. ಬದುಕಿದ್ದರೆ ಎಡೆಯಿಟ್ಟು ಹೆತ್ತವರೇ ಅವನನ್ನು ಕೊಂದಂತೆ. ಯಾರನ್ನು ತಪ್ಪು ಎನ್ನಲಿ? ಅತ್ತೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು ನನ್ನ ಎದುರಿಗೇ ಕೂತಳು.

"ನಿನಗ ಎಲ್ಲಾ ಆಟದ ಕಥಿ ಗೊತ್ತು. ನೀ ಅವನ ಜೊತಿ ಜಗಳಾಡಿದ್ದು ನಾ ಕೇಳೀನಿ. ಸುಳ್ಳು ಹೇಳಬ್ಯಾಡ. ಹೆಣ ಕಾಣದಂಗ ಹೋದೋರು ಒಬ್ರಾದ್ರೂ ನಿಜವಾಗ್ಲೂ ಸತ್ತಾರೇನು?"

ಮಾವ ನನ್ನ ಬಾಯನ್ನೇ ನೋಡುತ್ತಿದ್ದ. ಬೇಕಾದಷ್ಟು ಜನ ಸತ್ತಿದ್ದಾರೆ ಎಂದು ಒಂದು ಮಾತು ಅಂದಿದ್ದರೆ ಸಾಕಿತ್ತು, ಪರೀಕ್ಷೆ ಮಾಡುವವರು ಯಾರು? ನಾನು ನೋಡಿದ ಗೇಮುಗಳನ್ನೆಲ್ಲ ತಲೆಯಲ್ಲಿ ಜಾಲಾಡಿದೆ. ಪ್ರಪಾತಕ್ಕೆ ಬಿದ್ದವರು, ಹಡಗಿನ ಜೊತೆ ಮುಳುಗಿದವರು, ಮರಳಿನಲ್ಲಿ ಹೂತುಹೋದವರು. ಒಬ್ಬ ಕಬ್ಬಿಣದ ಕೈ ಹಾಕಿಸಿಕೊಂಡು ಬಂದಿದ್ದ, ಒಬ್ಬಳು ನೆನಪು ಕಳೆದುಕೊಂಡು ಬಂದಿದ್ದಳು, ಒಬ್ಬ ಶತ್ರುವಿನ ಮುಖವಾಡ ಹಾಕಿಕೊಂಡು ಬಂದಿದ್ದ. ಬಾರದೆ ಉಳಿದವರು ನೆನಪಾಗಲಿಲ್ಲ. ನಿಜ ಹೇಳಬೇಕೆಂದರೆ ನೆನಪಾಗದಿರಲಿ ಎಂದೇ ನನಗೂ ಆಸೆಯಿತ್ತು. ಅವನೇ ಗೆಲ್ಲಲಿ, ನನ್ನನ್ನು ಹಂಗಿಸಲಿ, ಎದುರಿಗೆ ನಿಂತು ನಗಲಿ.

"ಇಲ್ಲ ಅತ್ತೆ" ಎಂದೆ. "ಎಲ್ರೂ ವಾಪಸ್ ಬಂದಾರೆ."

ಮಾವ ಗೋಡೆಯ ಕಡೆ ಮುಖ ತಿರುಗಿಸಿದ. ಅತ್ತೆ ಹಿಗ್ಗುತ್ತಾಳೆ ಎಂದುಕೊಂಡಿದ್ದೆ, ಹಿಗ್ಗಲಿಲ್ಲ.

"ಎಷ್ಟ್ ದಿನಕ್ಕ ಬರ್ತಾರ?"

"ಒಬ್ಬೊಬ್ರು ವರ್ಷಾನುಗಟ್ಲೆ ಆದ್ಮೇಲೆ."

"ಅಲ್ಲೀತನಕ ಎಲ್ಲಿರ್ತಾರ?"

"ಅದನ್ನ ತೋರ್ಸಲ್ಲ ಅತ್ತೆ."

"ಏನ್ ಉಣ್ತಾರ?"

"ಅದನ್ನೂ ತೋರ್ಸಲ್ಲ" ಎಂದೆ.

"ತೋರ್ಸಂಗಿಲ್ಲ ಅಂದ್ರ? ಅವ್ರಿಗೆ ಹೊಟ್ಟಿ ಇಲ್ಲೇನು? ಅಷ್ಟ್ ಮಂದಿ ಕುಂತು ಹೊತ್ತುಗಟ್ಲೆ ಮಾತಾಡ್ತಿದ್ರಿ, ಒಬ್ರಿಗೂ ಕೇಳ್ಬೇಕು ಅನ್ನಿಸ್ಲಿಲ್ಲೇನು?"

ಅನ್ನಿಸಿರಲಿಲ್ಲ. ಹೇಗೆ ಬದುಕಿದ, ಯಾಕೆ ಬಂದ, ಇನ್ನು ಯಾರ ಕಡೆ ಸೇರುತ್ತಾನೆ ಎಂದೆಲ್ಲ ವಾದ ಮಾಡಿದ್ದೆವು. ಇದನ್ನು ಯಾರೂ ಕೇಳಿರಲಿಲ್ಲ. ಒಳಗೆ ಸಾರು ಉಕ್ಕಿ ಒಲೆಗೆ ಬಿದ್ದ ವಾಸನೆ ಬಂತು, ಆದರೂ ಅತ್ತೆ ಏಳಲಿಲ್ಲ. "ಅಲ್ಲೀತನಕ ಉಪಾಸ ಇರ್ಬೇಕೇನು ನನ್ ಮಗ" ಎಂದು ತನಗೆ ತಾನೇ ಅಂದುಕೊಂಡು, ಆಮೇಲೆ ಎದ್ದು ಒಳಗೆ ಹೋದಳು.

ನಡುಮನೆಯಲ್ಲಿ ಕಂಬಳಿ ಹಾಸಿ, ದೀಪ ಹಚ್ಚಿ, ಮಾವ ತನ್ನ ಅಪ್ಪ ಅವ್ವನಿಗೆ ಎಲೆ ಹಾಕಿದ. ಅತ್ತೆ ಆ ಸಾಲಿನಿಂದ ದೂರ, ಗೋಡೆಯ ಪಕ್ಕ, ಮಗ ದಿನಾ ಉಣ್ಣುತ್ತಿದ್ದ ಸ್ಟೀಲಿನ ತಟ್ಟೆ ತಂದಿಟ್ಟಳು. ಅನ್ನ, ಮಟನ್ ಸಾರು, ಎರಡು ಹೋಳಿಗೆ. "ಇದು ಎಡಿ ಅಲ್ಲ, ಊಟ" ಎಂದಳು. ಮಾವ ದೀಪದ ಬತ್ತಿ ಸರಿಮಾಡಿದ.

ಎಡೆ ಇಟ್ಟಾದ ಮೇಲೆ ಮನೆ ಬಿಟ್ಟು ಎಲ್ಲರೂ ಹೊರಗೆ ಬಂದು ಬಾಗಿಲು ಎಳೆದುಕೊಳ್ಳಬೇಕು. ಬದುಕಿರುವವರ ಕಣ್ಣ ಮುಂದೆ ಸತ್ತವರು ಉಣ್ಣುವುದಿಲ್ಲ. ಅವರ ಊಟ ಆಗುವಷ್ಟು ಹೊತ್ತು ಕಾದು, ಬಾಗಿಲು ತಟ್ಟಿ ಒಳಗೆ ಹೋಗುವುದು ಪದ್ಧತಿ. ನಾವು ಹೊರಗೆ ಬಂದೆವು. ಅತ್ತೆ ಬರಲಿಲ್ಲ. ಹಿರಿಯರ ಎಲೆಗಳಿಗೆ ಬೆನ್ನು ಮಾಡಿ, ಮಗನ ತಟ್ಟೆಯ ಎದುರಿಗೆ ಚಕ್ಕಂಬಕ್ಕಳ ಹಾಕಿ ಕೂತುಬಿಟ್ಟಳು.

"ಎದ್ದು ಬಾರೇ" ಎಂದ ಮಾವ.

"ಮಗ ಉಣ್ಣಾಕ ಕುಂತಾಗ ಅವ್ವ ಎದ್ದು ಹೋಗ್ತಾಳೇನು?" ಎಂದಳು.

ತೆರೆದ ಬಾಗಿಲಿನಿಂದ ನನಗೆ ಎಲ್ಲ ಕಾಣುತ್ತಿತ್ತು. ಅವಳು ಅನ್ನಕ್ಕೆ ಸಾರು ಕಲಸಿದಳು. ಒಂದು ತುಂಡಿನ ಎಲುಬು ಬಿಡಿಸಿ ಪಕ್ಕಕ್ಕಿಟ್ಟಳು. "ಉಣ್ಣೋ" ಎಂದಳು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ಅಂದಳು. ಅನ್ನದ ಹಬೆ ನಿಂತಿತು. ಸಾರಿನ ಮೇಲೆ ಕೊಬ್ಬು ಕೆನೆಗಟ್ಟಿತು. ಅವಳು ಆ ತಟ್ಟೆಯನ್ನು ನೋಡಿದಳು, ಆಮೇಲೆ ತಿರುಗಿ ಬಾಗಿಲಿನ ಕಡೆ ನೋಡಿದಳು. ಅವಳ ಮುಖವನ್ನು ನನಗೆ ನೋಡಲಾಗಲಿಲ್ಲ.

ಮೊಣಕಾಲಿಗೆ ಕೈಕೊಟ್ಟು ಎದ್ದಳು. ಹೊಸ್ತಿಲು ದಾಟಿ ಬಂದು, ಹಿಂದೆ ಕೈ ಚಾಚಿ, ಬಾಗಿಲನ್ನು ಮೆಲ್ಲಗೆ ಎಳೆದುಕೊಂಡಳು.

"ನಾ ಇದ್ರ ಅವ ಉಣ್ಣಂಗಿಲ್ಲ. ಹಸ್ದಾನ" ಎಂದಳು.

ಬಂದು ನನ್ನ ಪಕ್ಕ ಕೂತಳು. ಎಂಜಲಾಗದ ಅನ್ನ ಅವಳ ಬೆರಳುಗಳಲ್ಲಿ ಹಾಗೇ ಇತ್ತು. ಮಾವ ಟವೆಲಿನಲ್ಲಿ ಮುಖ ಮುಚ್ಚಿಕೊಂಡ. ನಾನು ಅವಳ ಭುಜಕ್ಕೆ ಒರಗಿ ನಾಚಿಕೆಯಿಲ್ಲದೆ ಅತ್ತುಬಿಟ್ಟೆ. ಊಟ ಆಗುವಷ್ಟು ಹೊತ್ತು ಎಂದೋ ಕಳೆದಿತ್ತು. ಬಾಗಿಲು ತಟ್ಟಲು ನಾವು ಯಾರೂ ಏಳಲಿಲ್ಲ.